ಚೀಟಿ ಕೇಳದ ಅಂಗಡಿ, ಉರಿಯುವ ಮುಖ

ಔಷಧ ಅಂಗಡಿಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಣ್ಣನ ಮಗಳು ಸಿರಿ ಏಳು ತಿಂಗಳಿಂದ ನೆಮ್ಮದಿಯಾಗಿ ಮುಖ ತೊಳೆದಿಲ್ಲ. ನೀರು ಬಿದ್ದರೆ ಉರಿಯುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ, ಒಲೆಯ ಮುಂದೆ ನಿಂತರೆ ಉರಿಯುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮುಲಾಮನ್ನು ನಿಮ್ಮ ಸುಪರ್ದಿನ ಅಂಗಡಿಯೊಂದು ಮೂರು ವರ್ಷ ನಮ್ಮೂರಿಗೆ ಮಾರಿತು. ಟ್ಯೂಬಿನ ಮೇಲೆ ಎಚ್ಚರಿಕೆ ಬರೆದಿದೆಯಲ್ಲ ಎಂದು ನೀವು ಹೇಳಬಹುದು. ಬರೆದಿದೆ, ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಅದನ್ನು ಓದಲಾರದ್ದು ನಮ್ಮ ತಪ್ಪು, ಒಪ್ಪಿದೆ. ಓದಲು ಬರುವ ಅಂಗಡಿಯವರು ಓದದಿದ್ದದ್ದು ಯಾರ ತಪ್ಪು?

ನಾನು ಮಾದಿಹಳ್ಳಿಯ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ನನ್ನ ಕೈಯ ತುರಿಕೆಗೆಂದು ಬೇಲೂರಿನಿಂದ ಆ ಟ್ಯೂಬನ್ನು ಮೊದಲು ತಂದವಳು ನಾನೇ. ಸಿರಿ ಆಗ ಹತ್ತನೇ ತರಗತಿ. ಕೆನ್ನೆಯ ಮೇಲೆ ನಾಣ್ಯದಗಲ ಕಲೆ ಎದ್ದಿತ್ತು. "ಹಚ್ಕೊ ಕಣೇ, ಎರಡು ದಿನಕ್ಕೆ ಹೋಯ್ತದೆ" ಎಂದು ಕೊಟ್ಟೆ. ಹೋಯಿತು. ಮುಖದ ಬಣ್ಣವೂ ತಿಳಿಯಾಯಿತು. ಅವಳು ಹಚ್ಚುವುದನ್ನು ನಿಲ್ಲಿಸಲಿಲ್ಲ, ನಾನು ನಿಲ್ಲಿಸು ಎನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗಿತ್ತು.

ಹಾಲು ಹಾಕಲು ಸಾಲಿನಲ್ಲಿ ನಿಂತ ಹನುಮಕ್ಕ ಒಂದು ದಿನ, "ನಿಮ್ ಸಿರಿ ಮುಕಕ್ಕೆ ಏನ್ ಹಚ್ತಾಳೆ ಸಾವಿತ್ರಮ್ಮ? ನಮ್ ಹುಡ್ಗೀಗೂ ಒಂದ್ ತರ್ಸ್ಕೊಡು" ಎಂದಳು. ಮುಲಾಮಿನ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಹಾಗಾಗಿ ಖಾಲಿ ಟ್ಯೂಬನ್ನೇ ಆಟೊ ಓಡಿಸುವ ಗಿಡ್ಡಯ್ಯನ ಕೈಗೆ ಕೊಡುವುದು ರೂಢಿಯಾಯಿತು. ಬೆಳಗ್ಗೆ ಖಾಲಿಯದು ಹೋಗುತ್ತಿತ್ತು, ಸಂಜೆ ತುಂಬಿದ್ದು ಬರುತ್ತಿತ್ತು. ಅಂಗಡಿಯಲ್ಲಿ ಏನಾದರೂ ಕೇಳುತ್ತಾರಾ ಎಂದು ಗಿಡ್ಡಯ್ಯನನ್ನು ವಿಚಾರಿಸಿದ್ದೆ. "ಯಾರ್ಗೆ ಅಂತಾನೂ ಕೇಳಲ್ಲ ಕಣಕ್ಕ. ಟ್ಯೂಬ್ ತೋರುಸ್ತೀನಿ, ಕೊಡ್ತಾರೆ" ಎಂದ. ನೀವು ಕಾನೂನು ಮಾಡಿ ಇಟ್ಟಿರುವ ವೈದ್ಯರ ಚೀಟಿ ನಮ್ಮಲ್ಲಿ ಹೀಗೆ ಆಟೊದಲ್ಲಿ ಓಡಾಡುತ್ತಿತ್ತು. ಇಡೀ ಬೀದಿಯ ಹೆಣ್ಣುಮಕ್ಕಳು ಬೆಳ್ಳಗಾದರು. ನಿಮ್ಮ ತಪಾಸಣೆಗೆ ಬಂದವರಿಗೆ ಅಂಗಡಿ ಅಚ್ಚುಕಟ್ಟಾಗಿಯೇ ಕಂಡಿರಬೇಕು.

ಹಚ್ಚದಿದ್ದ ದಿನ ಸಿರಿಯ ಮುಖ ಕೆಂಪಗೆ ಊದಿ ಗುಳ್ಳೆ ಏಳಲು ಶುರುವಾದಾಗ ಹಾಸನದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. "ಚರ್ಮ ತೆಳುವಾಗಿದೆಯಮ್ಮ. ಅದು ಸ್ಟೆರಾಯ್ಡ್ ಮುಲಾಮು, ಬಿಟ್ಟ ಮೇಲೆ ಮೊದಲು ಉರಿ ಹೆಚ್ಚಾಗುತ್ತೆ, ನಿಧಾನಕ್ಕೆ ಇಳಿಯುತ್ತೆ. ತಿಂಗಳುಗಟ್ಟಲೆ ಬೇಕು. ನಾನು ಬರೆದದ್ದು ಬಿಟ್ಟು ಏನೂ ಹಚ್ಚಬೇಡಿ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇಷ್ಟೇ. ತಣ್ಣೀರು ಚಿಮುಕಿಸಿ, ಹಳೆಯ ಪಂಚೆಯ ಚೂರಿನಲ್ಲಿ ಒತ್ತಿ, ಅವರು ಬರೆದುಕೊಟ್ಟ ವಾಸನೆಯಿಲ್ಲದ ಕ್ರೀಮು ಸವರುವುದು. ಸೋಪಿಲ್ಲ, ಬಿಸಿನೀರಿಲ್ಲ. ಶುಕ್ರವಾರ ಕೆನ್ನೆಗೆ ಅರಿಶಿನವೂ ಇಲ್ಲ. ಬಂದವರೆಲ್ಲ ಲೋಳೆಸರ, ನಿಂಬೆರಸ, ಮೊಸರು ಎನ್ನುತ್ತಾರೆ. ಬೇಡವೆಂದರೆ ಮುನಿಸಿಕೊಳ್ಳುತ್ತಾರೆ. ಅವರ ಮುನಿಸೂ ಈಗ ನನಗೆ ತಾಗುವುದಿಲ್ಲ. ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅಳು ಬರುತ್ತಿತ್ತು. ಈಗ ಏನೂ ಬರುವುದಿಲ್ಲ. ಡೇರಿಗೆ ಹೋಗುತ್ತೇನೆ, ಹಾಲು ನೋಡುತ್ತೇನೆ, ಮನೆಗೆ ಬರುತ್ತೇನೆ.

ಬೇಸಿಗೆಯಲ್ಲಿ ದೂರು ಹಿಡಿದು ನಿಮ್ಮ ಕಚೇರಿಗೂ ಬಂದಿದ್ದೆ. ಟ್ಯೂಬಿನ ಬ್ಯಾಚ್ ನಂಬರ್ ಬೇಕೆಂದರು. ಆ ನಂಬರ್ ಇರುವುದು ಟ್ಯೂಬಿನ ಬಾಲದ ಮಡಿಕೆಯಲ್ಲಂತೆ. ಕೊನೆಯ ಚೂರೂ ದಂಡವಾಗಬಾರದೆಂದು ನಮ್ಮೂರ ಹೆಂಗಸರು ಕತ್ತರಿಯಲ್ಲಿ ಮೊದಲು ಕತ್ತರಿಸುವುದು ಅದನ್ನೇ. ಸಾಕ್ಷಿಯನ್ನು ನಾವೇ ಕತ್ತರಿಸಿ ಬಿಸಾಡಿದ್ದೆವು. ನಿಮ್ಮವರು ದೂರನ್ನು ವಾಪಸು ಕೊಟ್ಟರು. ಏಳು ತಿಂಗಳಿಂದ ಉರಿಯುವ ಮುಖಕ್ಕೆ ಬ್ಯಾಚ್ ನಂಬರ್ ಇರುವುದಿಲ್ಲವಲ್ಲ.

ಈಗ ಕತ್ತರಿಸದ ಟ್ಯೂಬೊಂದು ನನ್ನ ಬಳಿ ಇದೆ. ಕಳೆದ ವಾರ ಕಾಲೇಜಿನಲ್ಲಿ ಪರೀಕ್ಷೆಯಿತ್ತು. ಆ ಮುಖ ಹೊತ್ತು ಹೋಗಲಾರದೆ ಸಿರಿ ತಾನೇ ಬೇಲೂರಿನ ಆ ಅಂಗಡಿಗೆ ಹೋದಳು. ದುಪಟ್ಟಾ ಸರಿಸಿ ನಿಂತಳು. ಸುಲಿದ ಆ ಮುಖವನ್ನು ನೋಡಿದ ಅಂಗಡಿಯಾತ ಕೇಳಿದ್ದು, "ಒಂದು ಸಾಕಾ, ಎರಡು ಕೊಡ್ಲಾ?" ಅವಳು ತಂದು ಮುಚ್ಚಳವನ್ನೂ ತೆಗೆಯದೆ ನನ್ನ ಕೈಗಿಟ್ಟಳು. "ಇನ್ಮೇಲೆ ನಾನ್ ಕೇಳಿದ್ರೂ ಕೊಡ್ಬೇಡಿ ಅತ್ತೆ" ಎಂದಳು. ಪರೀಕ್ಷೆಗೂ ಹೋಗಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಅಂಗಡಿಯನ್ನು ತಪಾಸಣೆ ಮಾಡಿ. ಚೀಟಿಯಿಲ್ಲದೆ ಈ ಮುಲಾಮು ಸಿಗುವುದಿಲ್ಲವೆಂದು ಕನ್ನಡದಲ್ಲಿ, ನಮ್ಮ ಕಣ್ಣಿಗೆ ಕಾಣುವಷ್ಟು ದಪ್ಪವಾಗಿ, ಪ್ರತಿ ಅಂಗಡಿಯಲ್ಲೂ ಬರೆಸಿ. ಹಾಗೆಯೇ ಮಾದಿಹಳ್ಳಿಗೆ ಯಾರನ್ನಾದರೂ ಕಳಿಸಿ, ಸಾಕ್ಷಿಯೆಂದು ಬಿಸಾಡದೆ ಇಟ್ಟಿರುವ ಈ ಟ್ಯೂಬನ್ನು ತರಿಸಿಕೊಳ್ಳಿ. ಹಚ್ಚಿದರೆ ಒಂದೇ ದಿನಕ್ಕೆ ಉರಿ ಇಳಿಯುತ್ತದೆ, ಏಳು ತಿಂಗಳು ತಡೆದುಕೊಂಡದ್ದು ನೀರುಪಾಲಾಗುತ್ತದೆ. ಎರಡೂ ಅವಳಿಗೆ ಗೊತ್ತು. ಮೂರು ಸಲ ಕೇಳಿದಳು, ಮೂರು ಸಲವೂ ಇಲ್ಲ ಎಂದೆ. ನಿನ್ನೆ ಕೇಳಲಿಲ್ಲ. ಕೂತು ಅತ್ತಳು, ಕಣ್ಣೀರು ಹರಿದಲ್ಲೆಲ್ಲ ಉರಿದು ಇನ್ನೂ ಅತ್ತಳು. ನಾನು ಎದ್ದುಹೋಗಿ ಟ್ಯೂಬ್ ಇಟ್ಟಿರುವ ಬೀರುವಿನ ಬಾಗಿಲು ತೆಗೆದಿದ್ದೆ. ಬೇಡ ಅತ್ತೆ ಎಂದು ಬಾಗಿಲು ಹಾಕಿದವಳು ಅವಳೇ. ಇನ್ನೊಂದು ದಿನ ಅವಳಿಗೆ ಅಷ್ಟು ಶಕ್ತಿ ಇರುತ್ತದೆಂದು ನಾನು ಹೇಳಲಾರೆ. ಬೇಗ ಬನ್ನಿ.

ಇಂತಿ,
ಇಲ್ಲ ಎನ್ನುವುದನ್ನು ತಡವಾಗಿ ಕಲಿಯುತ್ತಿರುವ ಸೋದರತ್ತೆ,
ಸಾವಿತ್ರಮ್ಮ, ಮಾದಿಹಳ್ಳಿ