ಹತ್ತು ನಿಮಿಷ ಮುಂದೆ

ಪ್ರಿಯ ಭಾವನವರಿಗೆ ನಮಸ್ಕಾರ.

ಕಾರು ಮಾರಿಬಿಡಿ ಎಂದಿರಿ. ಈಗಲೇ ಬೇಡ, ಹೊಸ ಬ್ಯಾಟರಿ ಹಾಕಿಸೋಣ. ಮೂರು ಸಲ ಕೀ ತಿರುಗಿಸಿದರೆ ಎಂಜಿನ್ ಒಲ್ಲದ ಮನಸ್ಸಿನಿಂದ ಏಳುತ್ತದೆ.

ನಿಮ್ಮ ಅಂಗಡಿಯಲ್ಲಿ ಇತ್ತೀಚೆಗೆ ತಯಾರಾದದ್ದನ್ನೇ ಆರಿಸಿ. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತದ್ದು ಬೇಡ. ಅಳತೆ ಹಳೆಯದರದ್ದೇ ಇರಲಿ. ನಿಂತಲ್ಲೇ ನಿಂತರೂ ಚಾರ್ಜ್ ಉಳಿಸಿಕೊಳ್ಳುವಂಥದ್ದು ಬೇಕು.

ಇನ್ನೊಂದು ಮಾತು. ಹಳೆಯದನ್ನು ಬಿಚ್ಚುವ ಮುಂಚೆ ಬೇರೊಂದು ಬ್ಯಾಟರಿಯ ತಂತಿ ಜೋಡಿಸಿಕೊಳ್ಳಿ. ಕರೆಂಟ್ ಒಂದು ಕ್ಷಣ ತಪ್ಪಿದರೂ ಕಾರಿನ ಗಡಿಯಾರ ಸೊನ್ನೆಗೆ ಹೋಗುತ್ತದೆ. ಅದು ಹತ್ತು ನಿಮಿಷ ಮುಂದಿದೆ, ಸರಿಮಾಡಬೇಡಿ. "ನಿಮ್ಮನ್ನ ಹೊರಡಿಸೋಕೆ ಗಡಿಯಾರದ ಕೈಲೂ ಸುಳ್ಳು ಹೇಳಿಸ್ಬೇಕು" ಅಂತ ನಿಮ್ಮ ತಂಗಿಯೇ ಹಾಗೆ ಇಟ್ಟದ್ದು.

ನನಗೆ ಓಡಿಸಲು ಬರುವುದಿಲ್ಲ, ನಿಮಗೆ ಗೊತ್ತು. ಸಂಜೆ ಬಿಸಿಲು ಗಾಜಿನ ಮೇಲೆ ಜಾರುವಾಗ ನನ್ನ ಸೀಟಿನಲ್ಲಿ ಸುಮ್ಮನೆ ಕೂರುತ್ತೇನೆ. ಗಡಿಯಾರ ಐದು ಎನ್ನುತ್ತದೆ, ಲೋಕದಲ್ಲಿ ಇನ್ನೂ ಐದಾಗಿರುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಅವಳು ಕೀ ಹುಡುಕುತ್ತ ಒಳಗೆಲ್ಲೋ ಇದ್ದಾಳೆ ಅನ್ನಿಸುತ್ತದೆ.

ಭಾನುವಾರ ನಾಲ್ಕಕ್ಕೆ ಬನ್ನಿ. ಹತ್ತು ನಿಮಿಷ ಮೊದಲೇ ಗೇಟಿನ ಬಳಿ ನಿಂತಿರುತ್ತೇನೆ. ಅವಳಿದ್ದಾಗ ಒಮ್ಮೆಯೂ ಹಾಗೆ ನಿಂತವನಲ್ಲ.

ಇಂತಿ,
ನಿಮ್ಮ ತಂಗಿಯ ನಿಧಾನಪ್ಪ