ಹೊರಟವರ ಹಿಂದೆ ಗುಡಿಸಿದ ಅಂಗಳ

ನರೋಣಾ
೧೨ ಮಾರ್ಚ್ ೨೦೨೫, ಬುಧವಾರ

ಮಗಳು ಬಸವೇಶ್ವರಿಗೆ, ನಿನ್ನ ಮಾವ ಕಲ್ಯಾಣಪ್ಪನ ಶರಣು.

ನಾನು, ನಿನ್ನ ಅತ್ತೆ ಉಂಡು ತಿಂದು ಇದ್ದೇವೆ. ನೀನು ಹೇಗಿದ್ದೀ ಎಂದು ಕೇಳಲು ಇಷ್ಟು ತಡ ಮಾಡಿದೆ, ಸಿಟ್ಟಾಗಬೇಡ. ಫೋನು ಹಚ್ಚಿದರೆ ನಿನ್ನ ತಮ್ಮ ಸೈದಪ್ಪ ಎತ್ತುತ್ತಾನೆ. ಅಕ್ಕನ ಕೈಗೆ ಕೊಡಪ್ಪಾ ಎನ್ನುವ ಬದಲು ಬೆಳೆಯ ಮಾತು ಕೇಳಿ ಫೋನು ಇಟ್ಟುಬಿಡುತ್ತೇನೆ. ನಾನು ಓದಿದ್ದು ಏಳನೆಯ ಇಯತ್ತೆಯಾದರೂ ದಿನಾ ಡೈರಿಯಲ್ಲಿ ನಾಲ್ಕು ಸಾಲು ಗೀಚುವ ರೂಢಿ ಇದೆ. ಬಾಯಿಗಿಂತ ಕೈ ಸಲೀಸು.

ನೀನು ತವರಿಗೆ, ಹಿರೋಳ್ಳಿಗೆ ಹೋದ ಮೇಲೆ ಮನೆ ನೋಡುವ ಹಾಗಿರಲಿಲ್ಲ. ಹೊತ್ತು ನೆತ್ತಿಗೆ ಬಂದರೂ ಕೌದಿ ಬಿದ್ದಲ್ಲೇ, ಚಹಾದ ಬಟ್ಟಲಿಗೆ ಇರುವೆ, ಒಲೆಯ ಕಟ್ಟೆಯ ಮೇಲೆ ಒಣಗಿದ ಹಿಟ್ಟು. ನಿನ್ನ ಅತ್ತೆ ಕಂಬಕ್ಕೆ ಒರಗಿ ಕೂತರೆ ಕೂತಳು. ಕೊನೆಗೆ ನಾನೇ ಎದ್ದೆ. ಬಾಗಿಲ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನಿನ್ನನ್ನು ದಿನಾ ನೋಡಿದ್ದೆನಲ್ಲ, ಅದನ್ನೇ ನೆನೆಸಿಕೊಂಡು ಮಾಡಿದೆ. ಎದ್ದ ಕೂಡಲೇ ಕೌದಿ ಮಡಚುವುದು. ನೀರು ಕಾಯುವಷ್ಟರಲ್ಲಿ ಒಲೆಯ ಕಟ್ಟೆ ಒರೆಸಿ, ರಾತ್ರಿ ತೊಳೆದ ಭಾಂಡೆ ಅವುಗಳ ಜಾಗಕ್ಕೆ ಇಡುವುದು. ಒಳಗಿನ ದೇವರ ಜಗುಲಿಯ ಕಡೆಯಿಂದ ಬಾಗಿಲಿಗೆ ಗುಡಿಸುತ್ತ ಬಂದು ಅಂಗಳಕ್ಕೆ ನೀರು ಚಿಮುಕಿಸುವುದು. ನೀನು ಮನೆ ಸ್ವಚ್ಛ ಮಾಡಲೆಂದು ಎಲ್ಲೂ ನಿಂತದ್ದು ನಾನು ಕಾಣೆ. ನಡೆಯುವ ದಾರಿಯಲ್ಲೇ ಕೆಲಸ ಮುಗಿದಿರುತ್ತಿತ್ತು. ನನಗೆ ಸೊಂಟ ಹಿಡಿಯಿತು. ಪಕ್ಕದ ಮನೆಯ ಖಾಸೀಂಬಿ ಗೋಡೆಯ ಮೇಲಿಂದ ಇಣುಕಿ, "ಅಣ್ಣಾ, ಕಸಾ ಹೊಡಿಯಾಕತ್ತೀರೋ, ಕಸಕ್ಕ ಗಾಳಿ ಹಾಕಾಕತ್ತೀರೋ?" ಎಂದಳು. ಎಷ್ಟೋ ದಿನಗಳ ಮೇಲೆ ನಗು ಬಂತು. ಬಂದದ್ದಕ್ಕೆ ಸಂಕಟವೂ ಆಯಿತು.

ಮಗ ಸಿದ್ದಲಿಂಗನ ಆಳಂದದ ಅಂಗಡಿ ಇನ್ನೂ ಖಾಲಿ ಮಾಡಿಲ್ಲ. ರಿಪೇರಿಗೆಂದು ರೈತರು ಬಿಟ್ಟುಹೋದ ಮೋಟರುಗಳು ಹಾಗೇ ಇವೆ. ಅವನ್ನು ಅವರವರಿಗೆ ಮುಟ್ಟಿಸಲು ದಿನಾ ಬಸ್ಸಿಗೆ ಆಳಂದಕ್ಕೆ ಹೋಗಿ ಬರುತ್ತೇನೆ. ಅವನು ಗಾಡಿಯಲ್ಲಿ ಹೋಗುತ್ತಿದ್ದ ಅದೇ ದಾರಿ.

ಕಳೆದ ತಿಂಗಳು ಫೋನಿನಲ್ಲಿ ಸೈದಪ್ಪ ಎರಡು ಮಾತು ಹೇಳಿದ. ಯುಗಾದಿಗಿಂತ ಮೊದಲು ನಿನ್ನ ಟ್ರಂಕು ಒಯ್ಯಲು ತಾನೊಬ್ಬನೇ ಬರುತ್ತಾನಂತೆ. ಇನ್ನೊಂದು ಮಾತು ನನ್ನನ್ನು ಸುಡುತ್ತಿದೆ. "ಅಕ್ಕ ಕಸಬರಿಗಿ ಮುಟ್ಟಾಂಗಿಲ್ರಿ, ಮಾವ. ನಾವ್ಯಾರರ ಹೊರಗ ಹೊಂಟ್ರ ಅದನ್ನ ಮಂಚದ ಕೆಳಗ ಮುಚ್ಚಿಡ್ತಾಳ್ರಿ" ಎಂದ.

ಹಾಗಾದರೆ ಆ ಮಾತನ್ನು ನೀನು ನಂಬಿಬಿಟ್ಟಿದ್ದೀ.

ಮನೆಯಿಂದ ಯಾರಾದರೂ ಪರವೂರಿಗೆ ಹೊರಟ ಬೆನ್ನಿಗೇ ಗುಡಿಸಬಾರದು, ಹೆಣ ಎತ್ತಿದ ಮೇಲೆ ಹಾಗೆ ಗುಡಿಸುತ್ತಾರೆ ಎಂಬುದು ಇಲ್ಲಿಯ ಮಾತು. ಎಳ್ಳ ಅಮಾವಾಸ್ಯೆ ಮುಗಿದ ಆ ವಾರ ಸಿದ್ದಲಿಂಗ ಎಂದಿಗಿಂತ ಬೇಗ ಹೊರಟ. ನೀನು ದಿನದ ಹಾಗೆ, ನಿನ್ನ ಹೊತ್ತಿಗೆ, ಅಂಗಳ ಗುಡಿಸಿದೆ. ಆಳಂದ ಇನ್ನೂ ದೂರವಿರುವಾಗಲೇ, ಮಂಜಿನಲ್ಲಿ, ದೀಪವಿಲ್ಲದೆ ನಿಂತ ಕಬ್ಬಿನ ಟ್ರಾಲಿಗೆ ಅವನ ಗಾಡಿ ಹೊಡೆಯಿತು. ಅಷ್ಟು ಜನರ ನಡುವೆ ನಿನ್ನ ಅತ್ತೆ ಎದೆ ಬಡಿದುಕೊಂಡು, "ಅಂವ ಗಲ್ಲಿ ದಾಟಿಲ್ಲ, ಈಕಿ ಕಸಾ ಹೊಡದಳು" ಎಂದಳು. ಕಾರ್ಯ ಮುಗಿದ ಮರುದಿನ ನೀನು ತಮ್ಮನ ಜೊತೆ ಹೊರಟುಹೋದೆ.

ಸೈದಪ್ಪನ ಫೋನು ಬಂದ ಮರುದಿನ ನಾನು ಚೀಲ ಹೆಗಲಿಗೇರಿಸಿ ಖಾಸೀಂಬಿಯನ್ನು ಕರೆದೆ. "ನಾ ಬಸ್ಸಿಗಿ ಹೊಂಟೀನಿ. ಗಲ್ಲಿ ತಿರುಗೂದ್ರಾಗ ನನ್ನ ಹಿಂದ ಅಂಗಳ ಹೊಡದುಬಿಡವ್ವ" ಎಂದೆ.

"ತೋಬಾ ತೋಬಾ! ನಿಮಗೇನರ ಆದ್ರ ನಿಮ್ಮ ಗುರುಬಾಯಿ ನನ್ನ ಬಿಡ್ತಾಳೇನ್ರಿ?"

"ಏನೂ ಆಗಾಂಗಿಲ್ಲ ಅಂತ ತೋರ್ಸಾಕ ಹೊಂಟೀನಿ."

ಅವಳು ಮುಖ ಆಚೆ ತಿರುಗಿಸಿಕೊಂಡು ಗುಡಿಸಿದಳು. ನಿನ್ನ ಅತ್ತೆ, "ಈ ಮುದುಕಗ ತಲಿ ಕೆಟ್ಟದ!" ಎಂದು ಕೂಗಿ ಒಳಗೆ ಹೋದಳು. ಸಂಜೆ ಬಸ್ಸಿಳಿದರೆ ಖಾಸೀಂಬಿ ಕಾಯಿಪಲ್ಯ ಕೊಳ್ಳುವವಳ ಹಾಗೆ ಅಲ್ಲೇ ನಿಂತಿದ್ದಳು. "ಬಂದ್ರೇನ್ರಿ! ಮುಂಜಾನಿಂದ ಇದು ಮೂರನೇ ಸಲ ಪಲ್ಯಾ ಕೊಳ್ಳಾಕ ಬಂದೀನ್ರಿ" ಎಂದಳು.

ಅಂದಿನಿಂದ ದಿನಾ ಹೀಗೇ. ಅದೇ ದಾರಿ, ಅದೇ ತಿರುವು, ಅವೇ ಕಬ್ಬಿನ ಟ್ರಾಲಿಗಳು. ದಿನಾ ಹೋಗುತ್ತೇನೆ, ದಿನಾ ಬರುತ್ತೇನೆ. ಈಗ ಖಾಸೀಂಬಿಗೆ ಭಯವೇ ಹೋಗಿದೆ. ನಾನು ಚಪ್ಪಲಿ ಮೆಟ್ಟುವಾಗಲೇ, "ಕಾಲ ತೆಗೀರಿ ಅಣ್ಣಾ, ಹೋಗಾವ್ರಿದ್ರ ಲಗೂ ಹೋಗ್ರಿ" ಎನ್ನುತ್ತಾಳೆ. ನಿನ್ನ ಅತ್ತೆ ಬೆಳಿಗ್ಗೆ ಒಳಗೇ ಇರುತ್ತಾಳೆ. ಸಂಜೆ ಮಾತ್ರ ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ, ಚಹಾಕ್ಕಿಡಲು ಒಳಗೆ ಹೋಗುತ್ತಾಳೆ.

ಮಗಳೇ, ಇಲ್ಲೇ ಬಂದು ಇರು ಎಂದು ನಾನು ಹಟ ಮಾಡುವುದಿಲ್ಲ. ನಿನ್ನ ವಯಸ್ಸು ಸಣ್ಣದು, ನಿನ್ನ ದಾರಿ ನಿನ್ನದು. ಆದರೆ ಟ್ರಂಕು ಒಯ್ಯಲು ನೀನೇ ಬಾ. ನಾನು ಜೀವಂತ ಇರುವುದನ್ನು ಕಣ್ಣಾರೆ ನೋಡು. ಅಲ್ಲಿಯವರೆಗೆ, ನಾಳೆ ಮುಂಜಾನೆ ಸೈದಪ್ಪ ಕೆಲಸಕ್ಕೆ ಹೊರಟ ಮೇಲೆ, ಮಂಚದ ಕೆಳಗಿನ ಕಸಬರಿಗೆ ತೆಗೆದು ಮನೆ ಗುಡಿಸು. ಅವನು ಸಂಜೆಗೆ ಮನೆಗೆ ಬರುತ್ತಾನೆ.

ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಎದೆಯ ಭಾರ ಇಳಿಯಲಿ.

ನಿನ್ನ ಮಾವ,
ಕಲ್ಯಾಣಪ್ಪ

ತಾ.ಕ.: ಈ ಕಾಗದವನ್ನು ಈಗ ನಿನ್ನ ಅತ್ತೆಗೆ ಓದಿ ಹೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಕಸಾ ಹೊಡದ್ರ ಯಾರೂ ಸಾಯಾಂಗಿಲ್ಲಂತ ನನಗ ಗೊತ್ತಿಲ್ಲೇನ್ರಿ? ಸುದ್ದಿ ತಂದಾವ್ರು ನನ್ನ ಮಗನ ಮುಖಾ ನೋಡೂ ಹಂಗ ಇಲ್ಲ ಅಂದ್ರು, ಮಣ್ಣಿಗಿ ಒಯ್ಯೂಮುಂದನೂ ಯಾರೂ ಬಿಚ್ಚಿ ತೋರ್ಸಲಿಲ್ಲ. ಸುದ್ದಿ ಕೇಳಿದಾಗ ಅಂಗಳದಾಗ ಅಂವನ ಚಪ್ಪಲಿ ಹೆಜ್ಜಿನರ ಇರ್ತಾವ ಅಂತ ಓಡಿ ಬಂದಿದ್ದೆ. ಅಂಗಳ ಕನ್ನಡಿ ಹಂಗ ಇತ್ತು. ಆ ಹುಡುಗಿ ಏನ್ ಮಾಡ್ಯಾಳ, ದಿನದ ಕೆಲಸ ಮಾಡ್ಯಾಳ."

ಬಸ್ಸಿನ ಹೊತ್ತಾಯಿತು. ಇವತ್ತು ಖಾಸೀಂಬಿಯ ಕೈಯಿಂದ ಕಸಬರಿಗೆ ಇಸಿದುಕೊಂಡು ನಿನ್ನ ಅತ್ತೆಯೇ ಬಾಗಿಲಲ್ಲಿ ನಿಂತಿದ್ದಾಳೆ. "ಕಾಗದ ಹಾಕಿ ಬರ್ರಿ, ನಾ ಗುಡಸ್ತೇನಿ" ಎನ್ನುತ್ತಿದ್ದಾಳೆ.