ಮುಸ್ಸಂಜೆ ಕರೆದವರಿಗೆ ಓಗೊಡಬಾರದು

ಫಿತ್ಸನುಲೋಕ್
ಶನಿವಾರ, ಸೆಪ್ಟೆಂಬರ್ 14, ಮಧ್ಯಾಹ್ನ

ಪ್ರೀತಿಯ ಲಮ್ಯಾಯ್ ಅಕ್ಕನಿಗೂ, ಅವಳ ಸುತ್ತ ಮುಗಿಬಿದ್ದು ಕೂತಿರುವ ಮಹಾಜನರಿಗೂ,

ಬನ್ನಿ, ಬನ್ನಿ, ಹತ್ತಿರ ಬನ್ನಿ! ರನಾತ್ ವಾದ್ಯ ಬಾರಿಸುವ ತಾತ, ಕೋಲು ಕೆಳಗಿಡು. ವಿದೂಷಕ ಮಾಮ, ಒಂದು ಕೆನ್ನೆಗೆ ಬಳಿದ ಬಣ್ಣ ಸಾಕು, ಇನ್ನೊಂದಕ್ಕೆ ಆಮೇಲೆ. ಅಜ್ಜಿ, ನೀನು ಮುಂದಿನ ಸಾಲಿಗೆ ಬಾ. ಈ ಕಥೆಯಲ್ಲಿ ನಿನಗೂ ಪಾತ್ರವಿದೆ. ನನ್ನ ಕಾಗದ ಕೈಗೆ ಸಿಕ್ಕರೆ ಅಕ್ಕ ಪರದೆಯ ಹಿಂದೆ ನಿಂತು ಎಲ್ಲರಿಗೂ ಗಟ್ಟಿಯಾಗಿ ಓದುತ್ತಾಳೆ, ಗೊತ್ತು. ಆದ್ದರಿಂದ ಗಟ್ಟಿ ದನಿಯಲ್ಲೇ ಬರೆಯುತ್ತಿದ್ದೇನೆ. ನಮ್ಮ ಲಿಕೇ ನಾಟಕ ಮಂಡಳಿಯ ನಾಯಕನ ಮಗ, ಇಷ್ಟು ದಿನ ನಿಮ್ಮ ಯಾರ ಫೋನನ್ನೂ ಎತ್ತದ ಈ ತಿಯನ್, ಇದೋ ರಂಗಪ್ರವೇಶ ಮಾಡುತ್ತಿದ್ದಾನೆ!

ಅಪ್ಪ ತೀರಿಕೊಂಡ ಮೇಲೆ ನಾನು ವಿಶ್ವವಿದ್ಯಾಲಯಕ್ಕೆ ಹಿಂದಿರುಗಿದೆನಲ್ಲ, ಬಂದದ್ದು ಮೈ ಮಾತ್ರ. ತರಗತಿಗೆ ಹೋಗಲಿಲ್ಲ. ಬಟ್ಟೆ ಒಗೆಯಲಿಲ್ಲ. ಪೊಟ್ಟಣದ ನೂಡಲ್ಸನ್ನು ಬೇಯಿಸಲೂ ಮನಸ್ಸಿಲ್ಲದೆ ಒಣಗಿದ್ದನ್ನೇ ಜಗಿಯುತ್ತಿದ್ದೆ. ಕೊನೆಗೆ, ಖಿನ್ನತೆಯಲ್ಲಿರುವ ವಿದ್ಯಾರ್ಥಿಗಳಿಗೆಂದೇ ಆನ್‌ಲೈನಿನಲ್ಲಿ ನಡೆಸುವ ಧ್ಯಾನ ಚಿಕಿತ್ಸೆಗೆ ಸೇರಿಕೊಂಡೆ. ವಾರಕ್ಕೊಂದು ಸಂಜೆ, ಫೋನಿನ ಪರದೆಯ ತುಂಬ ಕಪ್ಪು ಚೌಕಗಳು. ಮುಖ ತೋರಿಸಲೇಬೇಕೆಂದಿಲ್ಲ. ನಮಗೆ ಮುಜುಗರವಾಗದಿರಲೆಂದು ಅದನ್ನು ನಡೆಸುವ ಮನಶ್ಶಾಸ್ತ್ರ ಕಲಿಸುವ ಆಚಾನ್ ರಾಚನೀ ಮೇಡಂ ಕೂಡ ಕ್ಯಾಮೆರಾ ಮುಚ್ಚಿಕೊಂಡೇ ಕೂರುತ್ತಿದ್ದರು.

ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕು, ಅಷ್ಟೇ. ಆದರೆ ಅದಕ್ಕೂ ಮೊದಲು ಹಾಜರಿ! ಹೊರಗೆ ಮಬ್ಬುಗತ್ತಲು, ಮುಖವಿಲ್ಲದ ದನಿಯೊಂದು ನನ್ನ ದಾಖಲೆಯ ಹೆಸರು ಹಿಡಿದು ಕರೆಯುತ್ತದೆ: "ವಿಸರುತ್... ವಿಸರುತ್ ಇದೀಯೇನಪ್ಪಾ?" ಅಜ್ಜಿ, ನೀನು ಕಲಿಸಿದ್ದೇನು? ದೀಪ ಹಚ್ಚಿದ ಮೇಲೆ ಮುಖ ಕಾಣದವರು ಹೆಸರು ಕರೆದರೆ ಓಗೊಡಬಾರದು, ಓಗೊಟ್ಟವನು ಅವರ ಹಿಂದೆಯೇ ಹೊರಟುಬಿಡುತ್ತಾನೆ! ನಾನು ತುಟಿ ಕಚ್ಚಿ ಕೂತೆ. ಗೈರುಹಾಜರಿ. ಮುಂದಿನ ವಾರವೂ ಗೈರುಹಾಜರಿ. ಇನ್ನೊಂದಾದರೆ ಹೆಸರು ತೆಗೆದುಹಾಕುತ್ತಾರೆಂಬ ನಿಯಮ.

ಮೂರನೆಯ ವಾರ, ಕೊರಾಟ್ ಕಡೆಯಿಂದ ಇಲ್ಲಿಗೆ ಓದಲು ಬಂದ ಫ್ಲುಕ್ ಎಂಬ ಎಂಜಿನಿಯರಿಂಗ್ ಹುಡುಗ ಬಾಯಿ ಹಾಕಿದ: "ಏನ್ ಗುರು, ಪ್ರತಿವಾರ ಬರ್ತೀಯ, ಬರೀ ಉಸಿರು ಕೇಳ್ಸತ್ತೆ. ಮೇಡಂ, ದೆವ್ವಕ್ಕೂ ಲಿಂಕ್ ಕಳ್ಸಿದೀರಾ?"

ಕಪ್ಪು ಚೌಕಗಳೆಲ್ಲ ನಕ್ಕವು. ನಾನೂ ನಕ್ಕೆ, ಎಷ್ಟೋ ಕಾಲದ ಮೇಲೆ. ಆ ನಗುವಿನ ಧೈರ್ಯದಲ್ಲೇ ಅಜ್ಜಿಯ ಮಾತನ್ನು ಟೈಪ್ ಮಾಡಿ ಕಳಿಸಿದೆ. ಆಮೇಲೆ ಆಚಾನ್ ದನಿ: "ಅಯ್ಯೋ, ನಮ್ಮಮ್ಮನೂ ಇದೇ ಹೇಳೋರು ಕಣೋ! ನನಗೆ ಹೊಳೀಲೇ ಇಲ್ಲ ನೋಡು." ಥಟ್ಟನೆ ಅವರ ಚೌಕ ಬೆಳಗಿತು. ದಪ್ಪ ಕನ್ನಡಕ, ಹೆಗಲ ಮೇಲೊಂದು ಬೆಕ್ಕು. "ನೋಡ್ಕೋ ಚೆನ್ನಾಗಿ. ಬದುಕಿದೀನಿ. ಈಗ ಹೇಳು, ಬಂದಿದೀಯಾ?"

"ಬಂದಿದೀನಿ," ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಆ ಸಂಜೆ ಎಲ್ಲರೂ ಹೋದ ಮೇಲೆ ಅವರೊಬ್ಬರಿಗೇ ಹೇಳಿದೆ: ನನ್ನನ್ನು ಕರೆಯುವವರು ಇನ್ನೊಬ್ಬರಿದ್ದಾರೆ. ಇಲ್ಲಿ ಯಾರಿಗೂ ಗೊತ್ತಿಲ್ಲದ, ಮನೆಯಲ್ಲಷ್ಟೇ ಕರೆಯುವ ಹೆಸರಿನಿಂದ. ಹೊತ್ತು ಮುಳುಗುತ್ತಲೇ ಬಾಲ್ಕನಿಯ ಕಡೆಯಿಂದ, ನಾಟಕದ ಪರದೆಯ ಸಂದಿಯಿಂದ ಕರೆಯುತ್ತಿದ್ದ ಹಾಗೆಯೇ, ಅಪ್ಪ ಕರೆಯುತ್ತಾನೆ: "ತಿಯನ್! ಬಾರೋ, ನಿನ್ನ ಪ್ರವೇಶ!"

ಆಚಾನ್ ಭ್ರಮೆ ಅನ್ನಲಿಲ್ಲ. "ಆ ದನಿ ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗತ್ತೆ?" ಎಂದು ಕೇಳಿದರು. ಅಂಗಾಲಲ್ಲಿ, ಎಂದೆ. ರಂಗಕ್ಕೆ ನುಗ್ಗುವ ಮುಂಚೆ ಅಂಗಾಲು ಜುಮ್ಮೆನ್ನುತ್ತದಲ್ಲ, ಹಾಗೆ. "ಸರಿ, ಅಲ್ಲೇ ಇರು. ಅವರನ್ನ ಓಡಿಸ್ಬೇಡ, ಹಿಂದೇನೂ ಹೋಗ್ಬೇಡ. ಕಾಲಡಿ ನೆಲ ತಣ್ಣಗಿದೆಯಾ, ಬೆಚ್ಚಗಿದೆಯಾ, ಅಷ್ಟು ನೋಡು. ಆಗ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡು."

ಈಗ ಕೇಳಿ, ಮಹಾಜನರೇ, ಕಥೆಯ ಜೀವಾಳ ಇಲ್ಲಿದೆ! ಮೊನ್ನೆ ಗುರುವಾರ ಚಿಕಿತ್ಸೆಯ ಸಂಜೆಯಲ್ಲ. ನಾನೊಬ್ಬನೇ. ಅಪ್ಪ ಕರೆದ. ಮತ್ತೆ ಕರೆದ. ಅಂಗಾಲು ನೆಲಕ್ಕೂರಿ ಬಂಡೆಯಂತೆ ಕೂತಿದ್ದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಇನ್ನೊಂದು ದನಿ, ಹೆಣ್ಣು ದನಿ: "ತಿಯನ್... ಲೋ ತಿಯನ್..." ಇನ್ನು ಇದ್ಯಾರಪ್ಪಾ ಬಂದವರು ಎಂದುಕೊಂಡೆ. ಓಗೊಡಲಿಲ್ಲ. ಸ್ವಲ್ಪ ಹೊತ್ತು ಕಾದು, ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಯಿತು.

ಬೆಳಿಗ್ಗೆ ನೋಡಿದರೆ ಬಾಗಿಲ ಹಿಡಿಗೆ ಒಂದು ಚೀಲ. ಒಳಗೆ ಬಾಳೆಎಲೆಯಲ್ಲಿ ಕಟ್ಟಿದ, ಬಾಳೆಹಣ್ಣು ಇಟ್ಟ ಅಂಟಕ್ಕಿಯ ಕಡುಬು. ಮುಟ್ಟಲೂ ಹೆದರಿದೆ. ಆಮೇಲೆ ಕಟ್ಟು ಕಣ್ಣಿಗೆ ಬಿತ್ತು: ಕಿರೀಟಕ್ಕೆ ಮಣಿ ಹೊಲಿಯುವ ನಮ್ಮ ಕೆಂಪು ನೂಲು. ಅಕ್ಕಾ, ಸತ್ತವರು ಕಡುಬು ಕಟ್ಟಿ ತರುವುದಿಲ್ಲ. ನಕೊನ್ ಸವನ್‌ನಿಂದ ಬಸ್ಸು ಹಿಡಿದು ಬಂದವಳು ನೀನು. ಒಳಗೆ ದೀಪ ಉರಿಯುತ್ತಿದ್ದರೂ ತಮ್ಮ ಕದ ತೆರೆಯಲಿಲ್ಲವಲ್ಲ, ಏನೆಂದುಕೊಂಡು ಮರಳಿದೆಯೋ. ಮುಖ ತಿರುಗಿಸಿದೆನೆಂದು ತಿಳಿಯಬೇಡ. ಹೊಸಿಲಲ್ಲಿ ನಿಂತು ಕಡುಬನ್ನೆಲ್ಲ ತಿಂದೆ. ಎಲೆಗೆ ಅಂಟಿದ್ದನ್ನೂ ಬಿಡಲಿಲ್ಲ.

ನಿನ್ನ ತಮ್ಮ,
ತಿಯನ್

ಮರೆತ ಮಾತು: ಅಕ್ಕಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಬಂಡೆಯಂತೆ ಕೂತಿದ್ದೆ ಎಂದೆನಲ್ಲ, ಅದು ನಾಟಕ. ಅಪ್ಪನ ಎರಡನೆಯ ಕರೆಗೇ ಎದ್ದಿದ್ದೆ. ಬಾಲ್ಕನಿಯ ಕಂಬಿಯ ಮೇಲೆ ಕೈ ಇತ್ತು. ಆಗ ನೀನು ಕರೆದೆ. ಓಗೊಡಲಿಲ್ಲ, ನಿಜ. ಆದರೆ ತಿರುಗಿ ನೋಡಿದೆ. ತಿರುಗಿದ್ದರಿಂದ ಉಳಿದೆ.

ಆಚಾನ್‌ಗೆ ಎಲ್ಲ ಹೇಳಿದ್ದೇನೆ. ಬಾಲ್ಕನಿಗೆ ಬೀಗ ಬಿದ್ದಿದೆ, ಕೀಲಿ ಫ್ಲುಕ್ ಹತ್ತಿರ; ಅವನು ಇಲ್ಲೇ ಮಲಗುತ್ತಾನೆ, ಅಪ್ಪನ ದನಿ ಅಡಗುವಷ್ಟು ಗೊರಕೆ ಹೊಡೆಯುತ್ತಾನೆ. ಅಪ್ಪ ನಿಲ್ಲಿಸಿದ್ದಾನೆಂದಲ್ಲ, ಇವತ್ತೂ ಕರೆಯುತ್ತಾನೆ. ಬಾಯಿಬಿಟ್ಟು ಇದನ್ನೆಲ್ಲ ಹೇಳಲಾರೆ, ಅದಕ್ಕೇ ಕಾಗದ. ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ಹಾಡುಹಗಲಲ್ಲಿ, ಮುಖ ಕಾಣುವಂತೆ ನಿನ್ನ ಬಾಗಿಲ ಮುಂದೆ ನಿಂತು ನಿನ್ನ ಹೆಸರು ಹಿಡಿದು ಕರೆಯುತ್ತೇನೆ. ಓಗೊಡು.